ಹನ್ನೊಂದು ಡಾಲರಿನ ಗಿರಾಕಿ

"ಹನ್ನೊಂದು ಡಾಲರ್! ಕನ್ನಡಕ ಹಾಕ್ಕೊಂಡು ಓದಿ ಲಿಯೋನಿ, ಹನ್ನೊಂದೇ!"

ಜಾಹೀರಾತಿನ ಕೆಲಸ ನೋಡಿಕೊಳ್ಳುವ ಜಸಿಂತಾ ಲ್ಯಾಪ್‌ಟಾಪನ್ನು ತಂದು ಹೊಲಿಗೆ ಯಂತ್ರದ ಪಕ್ಕ, ಕತ್ತರಿಸಿಟ್ಟಿದ್ದ ಕರಡಿ ಕಿವಿಗಳ ಮೇಲೆಯೇ ಇಟ್ಟುಬಿಟ್ಟಳು. ಮಾರ್ಚ್ ತಿಂಗಳಲ್ಲಿ ಒಂದು ಗೊಂಬೆ ಮಾರಲು ಜಾಲತಾಣದ ಜಾಹೀರಾತಿಗೆ ಐವತ್ತೆಂಟು ಡಾಲರ್ ಸುರಿಯಬೇಕಾಗಿತ್ತು. ಗೊಂಬೆಯ ಬೆಲೆ ನೂರಿಪ್ಪತ್ತು. ಬಟ್ಟೆ, ಅಂಚೆ, ಹೊಲಿಯುವ ಇಬ್ಬರು ಹೆಂಗಸರ ಕೂಲಿ ಎಲ್ಲ ಕಳೆದರೆ ಲಿಯೋನಿಗೆ ಕೈಯಿಂದಲೇ ಹೋಗುತ್ತಿತ್ತು. ಚಳಿಗಾಲ ಮುಗಿಯುವುದರೊಳಗೆ ಬರ್ನಿ ಊರಿನ ಈ ಶೆಡ್ಡಿಗೆ ಬೀಗ ಹಾಕುವುದೆಂದು ಅವಳು ತೀರ್ಮಾನಿಸಿಯೂ ಆಗಿತ್ತು. ಈಗ ಆ ಐವತ್ತೆಂಟು ಹನ್ನೊಂದಕ್ಕೆ ಇಳಿದಿತ್ತು.

ಲಿಯೋನಿ ಹೊಲಿಯುವುದು ಒಂದೇ ಬಗೆಯ ಗೊಂಬೆ. ಉಸಿರಿಲ್ಲದೆ ಹುಟ್ಟಿದ ಮಗು ಎಷ್ಟು ತೂಗುತ್ತಿತ್ತೋ ಅಷ್ಟೇ ಗೋಧಿ ತುಂಬಿದ ಕರಡಿ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ತಾಯಂದಿರು ಅದನ್ನು ಎದೆಗೆ ಅವಚಿಕೊಂಡು ಮಲಗುತ್ತಾರೆ.

"ಏನು ಮೋಡಿ ಮಾಡಿದೆ ಹುಡುಗಿ?"

"ಮೋಡಿ ಏನಿಲ್ಲ. ಇಷ್ಟು ದಿನ ಪರ್ತ್‌ನಿಂದ ಕೇರ್ನ್ಸ್‌ವರೆಗೆ ಸಿಕ್ಕಿದವರಿಗೆಲ್ಲ ತೋರಿಸ್ತಾ ಇದ್ವಿ. ಈ ಸಲ ನಿಮ್ಮ ಹಳೇ ಗಿರಾಕಿಗಳ ಇಮೇಲ್ ಎಲ್ಲ ಜಾಲತಾಣಕ್ಕೇ ಕೊಟ್ಟು, ಇಂಥವರನ್ನೇ ದೇಶದಲ್ಲೆಲ್ಲ ಹುಡುಕು, ಕೊಳ್ಳೋರಿಗೆ ಮಾತ್ರ ತೋರಿಸು ಅಂದೆ. ಈಗ ಅದಕ್ಕೇ ಗೊತ್ತು, ಯಾರ ಬಾಗಿಲು ತಟ್ಟಬೇಕು ಅಂತ."

"ಅದೇನು ನಾಯಿನಾ, ಮೂಸಿಕೊಂಡು ಹೋಗೋಕೆ?"

"ನಾಯಿಗಿಂತ ಚುರುಕು. ಬೀಗದ ಮಾತು ಬಿಡಿ ಇನ್ನು. ಮೂರನೇ ಹೊಲಿಗೆಯವಳನ್ನ ಹುಡುಕಿ."

ಲಿಯೋನಿ ನಕ್ಕಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕೈ ತುಂಬ ಗೋಧಿಯ ದೂಳಿದ್ದುದರಿಂದ ಕಿರುಬೆರಳಲ್ಲಿ ಸ್ಪೀಕರ್ ಒತ್ತಿದಳು.

"ಮಿಲ್ಡುರಾದಿಂದ ಮಾತಾಡ್ತಿದ್ದೀನಿ. ಟ್ಯಾಮ್ಸಿನ್ ಅಂತ. ನಿಮ್ಮ ಕರಡಿಯ ಜಾಹೀರಾತು ನೋಡಿದೆ."

"ಹೇಳಮ್ಮ."

"ನಿಮಗೆ ಹೇಗೆ ಗೊತ್ತಾಯ್ತು?"

"ಏನು ಗೊತ್ತಾಯ್ತು?"

"ನಿನ್ನೆ ಸಂಜೆ ಆಸ್ಪತ್ರೆಯಿಂದ ಬಂದೆ. ನಮ್ಮಮ್ಮನಿಗೆ ಕೂಡ ಇನ್ನೂ ಹೇಳಿಲ್ಲ. ಪಾಪ, ಅವಳು ಅಲ್ಲಿ ಟೋಪಿ ಹೆಣೀತಾ ಕೂತಿದ್ದಾಳೆ. ಬೆಳಿಗ್ಗೆ ಫೋನ್ ತೆಗೆದರೆ ನಿಮ್ಮ ಕರಡಿ. ಯಾರು ಹೇಳಿದ್ರು ನಿಮಗೆ? ನರ್ಸಾ?"

ಲಿಯೋನಿ ಜಸಿಂತಾಳ ಮುಖ ನೋಡಿದಳು. ಜಸಿಂತಾ ಫೋನಿನ ಕಡೆ ಬಾಗಿದಳು. "ಯಾರೂ ಹೇಳಿಲ್ಲ. ನೀವು ಫೋನಲ್ಲಿ ಏನಾದ್ರೂ ಹುಡುಕಿದ್ರಾ?"



"ಎದೆಹಾಲು ನಿಲ್ಲಿಸೋದು ಹೇಗೆ ಅಂತ ಕೇಳಿದ್ದೆ."

ಶೆಡ್ಡಿನ ತಗಡಿನ ಮೇಲೆ ಕಡಲಕಾಗೆಯೊಂದು ನಡೆದಾಡುವುದು ಕೇಳಿಸಿತು. ಜಸಿಂತಾ ಲ್ಯಾಪ್‌ಟಾಪಿನ ಪರದೆಯನ್ನು ಲಿಯೋನಿಗೆ ಕಾಣದಂತೆ ತನ್ನ ಕಡೆಗೆ ತಿರುಗಿಸಿಕೊಂಡಳು.

"ಜಗಳ ಆಡೋಕೆ ಫೋನ್ ಮಾಡಿದ್ದಲ್ಲ," ಟ್ಯಾಮ್ಸಿನ್ ಮತ್ತೆ ಮಾತಾಡಿದಳು. "ನನಗೂ ಕರಡಿ ಬೇಕು. ಆದ್ರೆ ನಿಮ್ಮ ಜಾಹೀರಾತಿಗೊಂದು ಮಾತು ಹೇಳಿ. ನಾವು ನಮ್ಮಮ್ಮಂದಿರಿಗೆ ಹೇಳೋವರೆಗಾದ್ರೂ ಕಾಯಲಿ."

"ಕಾಯಿಸೋಕೆ ಆಗುತ್ತಾ?" ಲಿಯೋನಿ ದನಿ ತಗ್ಗಿಸಿ ಕೇಳಿದಳು.

"ಅದಕ್ಕೆ ಅಂಥ ಗುಂಡಿ ಇಲ್ಲ." ಜಸಿಂತಾಳ ದನಿಯೂ ಇಳಿದಿತ್ತು. "ಒಂದೋ ಹೀಗೆ, ಇಲ್ಲ ಮತ್ತೆ ಎಲ್ಲರಿಗೂ ತೋರಿಸಬೇಕು. ಅಂದ್ರೆ ಐವತ್ತೆಂಟು."

"ಹಾಗಾದ್ರೆ ನಿಲ್ಲಿಸು."

"ಲಿಯೋನಿ, ದುಡುಕಬೇಡಿ. ಶೆಡ್ಡು ಹೋಗುತ್ತೆ."

"ಹೋಗಲಿ. ನನ್ನ ಅಡುಗೆಮನೇಲಿ ಮೇಜಿದೆ."

"ಹೊಲಿಯೋ ಆ ಇಬ್ಬರಿಗೆ ಏನು ಹೇಳ್ತೀರಿ?"

"ನಾನೇ ಹೇಳ್ಕೋತೀನಿ. ನೀನು ನಿಲ್ಲಿಸು ಅಂದೆನಲ್ಲ."

ಜಸಿಂತಾ ಒತ್ತಿದಳು. ನಿಜವಾಗಿಯೂ ನಿಲ್ಲಿಸಬೇಕೇ, ಇದೇ ನಿಮ್ಮ ಅತ್ಯುತ್ತಮ ಜಾಹೀರಾತು ಎಂದಿತು ಪರದೆ. ಇನ್ನೊಮ್ಮೆ ಒತ್ತಿದಳು. ಹನ್ನೊಂದು ಎಂಬ ಹಸಿರು ಅಂಕಿ ಬೂದಿ ಬಣ್ಣಕ್ಕೆ ತಿರುಗಿತು.

"ಇದ್ದೀಯೇನಮ್ಮ?" ಲಿಯೋನಿ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಎಷ್ಟು ತೂಕಕ್ಕೆ ಮಾಡ್ಲಿ?"

"ಗೊತ್ತಿಲ್ಲ. ಅವರು ಹೇಳಿದ್ರೇನೋ. ನನ್ನ ಕಿವಿಗೆ ಬೀಳಲಿಲ್ಲ."

"ಎತ್ತಿಕೊಂಡಿದ್ದೆಯಾ?"

"ಹೂಂ."

"ಹಾಗಾದ್ರೆ ಕೈಗೆ ನೆನಪಿರುತ್ತೆ. ಮನೇಲಿ ಸಕ್ಕರೆ ಇದೆಯಾ? ದಿಂಬಿನ ಚೀಲಕ್ಕೆ ಸ್ವಲ್ಪ ಸ್ವಲ್ಪ ಹಾಕ್ತಾ ಹೋಗು. ಪ್ರತಿ ಸಲ ತೋಳಿನ ಮೇಲಿಟ್ಟು ನೋಡು. ಇಷ್ಟೇ ಅನ್ನಿಸಿದಾಗ ತೂಗಿ ಹೇಳು. ಅವಸರ ಇಲ್ಲ."

ಕಪಾಟು ತೆರೆದ ಸದ್ದು. ಬಳಿಕ ಸಕ್ಕರೆ ಸುರಿಯುವ ಸದ್ದು. ಅದು ನಿಂತಿತು, ಮತ್ತೆ ಸುರಿಯಿತು. ಆಮೇಲೆ ಚಮಚದಲ್ಲಿ ಸ್ವಲ್ಪ ವಾಪಸು ತೆಗೆದಂತೆ ಕೇಳಿಸಿತು. ಜಸಿಂತಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

"ಇಷ್ಟೇ," ಎಂದಿತು ದನಿ. "ಇಷ್ಟೇ ಇದ್ದ."

"ಸರಿ. ಈಗ ತಕ್ಕಡಿ ಮೇಲಿಡು."

ಫೋನ್ ಕಡಿದುಹೋಯಿತೇನೋ ಎಂದು ಲಿಯೋನಿ ಪರದೆ ನೋಡಿದಳು. ಕಡಿದಿರಲಿಲ್ಲ.

"ತೂಗಬೇಕು ಅಂದ್ರೆ," ಎಂದಳು ಟ್ಯಾಮ್ಸಿನ್, "ಕೆಳಗೆ ಇಡಬೇಕಲ್ಲ."