ಮೇಲಿನ ಕಲ್ಲು

“ಗೆಳೆಯರೇ, ನನ್ನ ಪ್ರೀತಿಯ ವಸ್ತು ನಮ್ಮ ಆಯಿಯ ಬೀಸುಕಲ್ಲು,” ಎಂದು ಶೀತಲ್ ಗೋಡೆಗೆ ಕೈಮುಗಿದು ಶುರು ಮಾಡಿ, ಮತ್ತೆ ಅಲ್ಲಿಗೇ ನಿಂತಳು. ನಾಳೆ ತರಗತಿಯಲ್ಲಿ ಎರಡು ನಿಮಿಷ ಮಾತಾಡಬೇಕು. ಶಾಲೆಯಿಂದ ಬಂದಾಗಿನಿಂದ ಮೊಮ್ಮಗಳು ತಲೆ ತಿನ್ನುತ್ತಿದ್ದಳು. ಇಡೀ ದಿನ ಕಬ್ಬಿನ ಹೊಲದಲ್ಲಿ ಕಸ ತೆಗೆದು ಬಂದ ಅಜ್ಜಿ ಲಗಮವ್ವನಿಗೆ ಕಣ್ಣು ತೆರೆದುಕೊಂಡು ಕೂರುವುದೇ ಸಾಕುಸಾಕಾಗಿತ್ತು.

“ಆಯಿ, ಮುಂದ ಏನ್ ಹೇಳ್ಲಿ? ಇಲ್ಲಿ ಒಂದ ಕಲ್ಲ ಐತಿ. ಕೆಳಗಿಂದು ಎಲ್ಲಿ ಅಂತ ಟೀಚರ್ ಕೇಳ್ತಾರ.”

“ಹಳೇ ಊರಾಗ ಐತಿ ಅನ್ನು.”

“ಅದು ನೀರಾಗ ಹೋಗೇತಲ್ಲ. ಅರ್ಧಾ ಯಾಕ ತಂದಿ?”

ಅರ್ಧ ತಂದದ್ದು ಲಗಮವ್ವನೊಬ್ಬಳೇ ಅಲ್ಲ. ಗಲಗಲಿ ಕಡೆಯ ಆ ಊರಲ್ಲಿ ಕೃಷ್ಣೆ ಏರಿದಾಗಲೆಲ್ಲ ಹೆಂಗಸರು ಮೇಲಿನ ಕಲ್ಲನ್ನಷ್ಟೇ ಹೊತ್ತು ದಿಬ್ಬ ಹತ್ತುತ್ತಿದ್ದರು. ಕೆಳಗಿನದು ನೆಲದಲ್ಲಿ ಹೂತದ್ದು, ಹೊಳೆ ಅದನ್ನು ಒಯ್ಯುವುದಿಲ್ಲ. ನೀರು ಇಳಿದ ಮೇಲೆ ರಾಡಿ ತೊಳೆದು, ಕಲ್ಲು ಕೂಡಿಸಿ, ಮೊದಲ ಹಿಡಿ ಹಿಟ್ಟನ್ನು ಹೊಳೆಗೆ ಹಾಕಿದರೆ ಮತ್ತೆ ಬಾಳುವೆ ಶುರು. ಮುಳುಗಡೆಯ ವರ್ಷವೂ ಹಾಗೆಯೇ ಹೊತ್ತು ತಂದರು. ಇದು ಅಣೆಕಟ್ಟಿನ ನೀರು, ತಿರುಗಿ ಹೋಗುವುದಿಲ್ಲ ಎಂದು ಸಾಹೇಬರು ಹೇಳಿದ್ದರು. ಹೊಳೆಯ ಸುದ್ದಿ ನಮಗೇ ಹೇಳುತ್ತಾರಲ್ಲ ಎಂದು ಹೆಂಗಸರು ನಕ್ಕಿದ್ದರು. ಬೇಸಿಗೆಗಳು ಬಂದು ಹೋದವು, ಅವರ ಓಣಿಯ ಮೇಲಿನ ನೀರು ಇಳಿಯಲಿಲ್ಲ.

ಈ ಪುನರ್ವಸತಿಯ ಮನೆಯಲ್ಲಿ ಕಲ್ಲು ಅಂದಿನಿಂದ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತೇ ಇತ್ತು. ಮಲಗಿಸಿದರೆ ಎತ್ತುವುದು ಕಷ್ಟ, ನಿಂತಿದ್ದರೆ ಹೊರಡುವಾಗ ಉರುಳಿಸಿಕೊಂಡು ಹೋಗಬಹುದು. ಹೊಸದೊಂದು ಕೆಳಗಿನ ಕಲ್ಲು ಕಡಿಸಿ ತರುತ್ತೇನೆಂದು ಮಗ ಮಹಾಲಿಂಗ ಗೋಗರೆದಿದ್ದ. ಜಪ್ಪಯ್ಯ ಅಂದರೂ ಆಕೆ ಒಪ್ಪಿರಲಿಲ್ಲ. “ನೀರ ಇಳದ ಮ್ಯಾಲೆ ನಮ್ಮ ಕಲ್ಲ ನಮಗೈತಿ,” ಎನ್ನುತ್ತಿದ್ದಳು.

ಶೀತಲ್ ಗಂಟಲು ಸರಿಮಾಡಿಕೊಂಡಳು. “ಕಡೀ ಮಾತ ಸಿಕ್ತು ಆಯಿ, ಕೇಳು. ‘ನೀರು ಇಳಿದ ಮೇಲೆ ನಮ್ಮ ಆಯಿ ಈ ಕಲ್ಲನ್ನು ಮನೆಗೆ ಒಯ್ದು ಕೂಡಿಸುತ್ತಾಳೆ. ಎಲ್ಲರಿಗೂ ಧನ್ಯವಾದಗಳು.’ ಛಲೋ ಐತಿಲ್ಲ?”

ವರ್ಷಗಟ್ಟಲೆ ತಾನು ಹೇಳಿಕೊಂಡು ಬಂದ ಮಾತು ಮಗುವಿನ ಬಾಯಲ್ಲಿ ಕೇಳಿ ಲಗಮವ್ವನಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು.

“ಅದನ್ನ ಬಿಟ್ಟಬಿಡವಾ.”

“ಯಾಕ? ನೀನ ಹೇಳತಿದ್ದಿಯಲ್ಲ.”

“ನಾ ಹೇಳಿದ್ದು ನನಗ. ಸಾಲ್ಯಾಗ ಖರೆ ಹೇಳಬೇಕು.”

ಮೊಣಕಾಲಿಗೆ ಕೈಯೂರಿ ಎದ್ದು, ಬಾಗಿಲ ಬಳಿ ಹೋಗಿ, ಕಲ್ಲಿನ ಒಂದು ಅಂಚು ಹಿಡಿದಳು.

“ಬಾ, ಆ ಕಡೆ ಹಿಡಿ. ಮಲಗಸೂಣು. ನಿಂತ ನಿಂತ ಅದಕೂ ಸಾಕಾಗೇತಿ.”