ಮಡಚದ ಚಾಕು

ಆಯುಧವನ್ನು ಬಿಚ್ಚುವುದಕ್ಕಿಂತ ಮಡಚುವುದೇ ದೊಡ್ಡ ವಿದ್ಯೆ ಎಂಬುದನ್ನು ಎಂಥ ವೀರನೂ ಒಪ್ಪಬೇಕು. ನಮ್ಮ ಕಾಕಾನ ಆಯುಧ ಬೆರಳುದ್ದದ ಚಾಕು. ಪೇರಲ ಹಣ್ಣಿನ ವಾಸನೆ ಬಂದರೆ ಇಂದಿಗೂ ನನಗೆ ಅದೇ ನೆನಪಾಗುತ್ತದೆ.

ಕಾಕಾನಿಗೆ ಹೆಣ್ಣು ನೋಡಲು ಅಜ್ಜಿಯ ಜೊತೆ ಹುನ್ನೂರಿಗೆ ಹೋಗಿದ್ದೆವು. ಜಮಖಂಡಿ ಪೇಟೆಯಲ್ಲಿ ಕೊಂಡ ಆ ಚಾಕುವಿನ ಗುಣಗಾನ ಬಸ್ಸಿನಲ್ಲೇ ಮುಗಿದಿತ್ತು: “ಒಮ್ಮೆ ತಗದರ ಗಟ್ಟಿ ಕೂಡತೈತಿ. ತಾನಾಗೇ ಮಡಚಿ ಬೆರಳ ಕೊಯ್ಯೂದಿಲ್ಲ. ಖರೆ ಮಾಲು!”

ಹೆಣ್ಣಿನ ಮನೆಯವರು ಪೇರಲ ಹಣ್ಣು ತಂದಿಟ್ಟರು. ಕಾಕಾ ಟಕ್ಕೆಂದು ಚಾಕು ಬಿಚ್ಚಿ, ನುಣ್ಣಗೆ ಹೋಳು ಮಾಡಿ ಎಲ್ಲರಿಗೂ ಕೊಟ್ಟ. ಆಮೇಲೆ ಅದು ಮಡಚಲಿಲ್ಲ. ಮೊಣಕಾಲಿಗೆ ಒತ್ತಿದ, ನೆಲಕ್ಕೆ ಒತ್ತಿದ. ಮುಖದ ಮೇಲಿನ ನಗು ಮಾತ್ರ ಬಿಡಲಿಲ್ಲ. ಹೆಣ್ಣಿನ ಅಪ್ಪ ತುಸು ಹಿಂದೆ ಸರಿದು ಕುಳಿತರು.

ತಲೆ ಬಗ್ಗಿಸಿ ಕುಳಿತಿದ್ದ ಹುಡುಗಿ ಮೆಲ್ಲಗೆ ಹೇಳಿದಳು: “ಹಿಡಿಕಿ ಬೆನ್ನಿನ ಮ್ಯಾಲೆ ಒತ್ತ್ರಿ, ಮಡಚತೈತಿ. ನಮ್ಮಪ್ಪನ ಕಡೆನೂ ಅಂಥಾದ್ದ ಐತಿ.”

ಕಾಕಾ ಒತ್ತಿದ. ಮಡಚಿತು. ಮನೆಯೆಲ್ಲ ನಕ್ಕಿತು, ಹುಡುಗಿಯೂ ನಕ್ಕಳು.

ಮರಳುವಾಗ ಬಸ್ಸಿನಲ್ಲಿ ಅಜ್ಜಿ ಕೇಳಿದಳು, “ಹುಡುಗಿ ಹ್ಯಾಂಗ ಅನಸಿದಳೋ?”

“ಭಾಳ ಮಾತಾಡತಾಳ.”

“ಒಂದ ಮಾತ ಆಡ್ಯಾಳಲೇ!”

ಕಾಕಾ ಕಿಟಕಿಯ ಕಡೆ ಮುಖ ತಿರುಗಿಸಿದ. “ಕಪ್ಪೂ ಅದಾಳಬೇ,” ಎಂದ.

ಅವಳದು ನನ್ನದೇ ಬಣ್ಣ. ಅಜ್ಜಿ ನನ್ನ ಕಡೆ ನೋಡಿ, ಬೇರೆ ಕಡೆ ನೋಡಿದಳು. ನಾನು ಎರಡೂ ಕೈಗಳನ್ನು ಲಂಗದ ಕೆಳಗೆ ಇಟ್ಟುಕೊಂಡೆ.

ಮರುದಿನ ಹುನ್ನೂರಿಗೆ, ಹುಡುಗಿ ಕಪ್ಪು, ಬೇಡ ಎಂದು ಹೇಳಿ ಕಳಿಸಿದರು.