ಶನಿವಾರದ ಚಹಾ

ಮತ್ತೊಂದು ಜೋಡಿ ಚಪ್ಪಲಿ ಬಂತು. ಶೈಲಾ ಕಿಟಕಿಯ ಹಿಂದೆ ನಿಂತು ಎಣಿಸಿದಳು. ಏಳು! ಎಲ್ಲವೂ ಎದುರುಮನೆಯ ಬಾಗಿಲಲ್ಲಿ. ಅದು ಗಂಡನ ಅಣ್ಣನ ಹೆಂಡತಿ ಉಮಾಶ್ರೀಯ ಮನೆ. ತನ್ನ ಹೊಸ್ತಿಲಲ್ಲಿ ಒಂದೂ ಇಲ್ಲ.

ಮದುವೆಯಾಗಿ ಸಾವಳಗಿಯಿಂದ ಬನಹಟ್ಟಿಯ ಈ ಓಣಿಗೆ ಬಂದು ಆರು ತಿಂಗಳು. ಇರುವುದೇ ಹದಿನೈದು ಕ್ರೈಸ್ತ ಮನೆ, ಎಲ್ಲರೂ ಮಗ್ಗದವರು. ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಯೇಸುವಿನ ನೆನಪಿಗೆ ಹಂಚುವ ಪ್ರಭುಭೋಜನದ ರೊಟ್ಟಿ. ಅದರ ಹಿಂದಿನ ದಿನ ಮಧ್ಯಾಹ್ನವೇ ಮಗ್ಗ ನಿಲ್ಲಿಸಿ ಜನ ಬೇರೆಯವರ ಮನೆಗೆ ಹೋಗಿ ಚಹಾ ಕುಡಿಯುತ್ತಾರೆ. ತವರಿನಲ್ಲಿ ಈ ಪದ್ಧತಿ ಇರಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಪ್ರೀತಿ ಇದ್ದಲ್ಲಿಗೆ ಜನ ಹೋಗುತ್ತಾರೆ, ಅದರಲ್ಲಿ ಕೇಳುವುದೇನು?

ಆದರೆ ಉಮಾಶ್ರೀಯ ಮೇಲೆ ಯಾತರ ಪ್ರೀತಿ! ಅವಳ ಬಾಯಿ ಎಂದರೆ ಬಾಯಿ. ನಳದ ಹತ್ತಿರ ದಿನಕ್ಕೊಬ್ಬರ ಜೊತೆ ಜಗಳ. ಶೈಲಾ ಯಾರಿಗೂ ಒಂದು ಬಿರುಸು ಮಾತು ಆಡಿದವಳಲ್ಲ. ಶುಂಠಿ ಜಜ್ಜಿ ಕುದಿಸಿದ ಅವಳ ಚಹಾ ಮಾತ್ರ ಪ್ರತಿ ಸಲವೂ ತಣ್ಣಗಾಗಿ ಬಚ್ಚಲಿಗೆ ಹೋಗುತ್ತಿತ್ತು. ಹೊಟ್ಟೆ ಉರಿಯದೆ ಇನ್ನೇನು?

"ನಮ್ಮ ಮನಿಗೆ ಯಾಕ ಒಬ್ಬರೂ ಬರೂದಿಲ್ಲರಿ?" ಎಂದು ಗಂಡ ಮಾಂತೇಶನನ್ನು ಕೇಳಿದಳು.

"ಛಲೋನ ಆತಲ್ಲ!" ಎಂದು ಅವನು ನಕ್ಕ. ಆ ನಗುವಿಗೆ ಉರಿ ಇನ್ನಷ್ಟು ಏರಿತು.

ಮರುದಿನ ಚರ್ಚಿನಲ್ಲಿ ಪಾಸ್ಟರ್ ಲೋಕದ ಯುದ್ಧಗಳ ಬಗ್ಗೆ ಮಾತಾಡಿದರು. "ಅವನ್ನ ನಿಲ್ಲಸೂದು ನಮ್ಮ ಕೈಯಾಗಿಲ್ಲ. ಹೋಗಬೇಕಾದ ಮನಿಗೆ ಹೋಗಿ ಬರೂದು ನಮ್ಮ ಕೈಯಾಗ ಐತಿ." ಎಲ್ಲರೂ ತಲೆಯಾಡಿಸಿದರು. ಶೈಲಾ ಮುಂದಿನ ಸಾಲಿನಲ್ಲಿದ್ದ ಉಮಾಶ್ರೀಯ ಬೆನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಆ ವಾರ ನಳದ ಹತ್ತಿರ ಪಕ್ಕದ ಮನೆಯ ತಾಯವ್ವನ ಕಿವಿಯಲ್ಲಿ ಉಸುರಿದಳು. "ನೀವು ಕುಂಟಿಕೋತ ನಡಿಯೂದನ್ನ ಉಮಾಶ್ರೀ ಅಕ್ಕ ಅಣಕಿಸಿ ತೋರಸ್ತಾಳರಿ." ಶುದ್ಧ ಸುಳ್ಳು. ಆದರೂ ಹೊಟ್ಟೆಗೆ ತಂಪೆನಿಸಿತು. ಇನ್ನು ತಾಯವ್ವನಾದರೂ ಆ ಮನೆ ಬಿಟ್ಟು ಈ ಮನೆಗೆ ಬಂದಾಳು.

ಮುಂದಿನ ತಿಂಗಳ ಚಹಾದ ಶನಿವಾರ ಬಾಗಿಲು ಬಡಿದ ಸದ್ದಾಯಿತು. ತಾಯವ್ವ ಬಂದಿದ್ದಳು. ಅವಳ ಹಿಂದೆ, ಅಯ್ಯೋ, ಉಮಾಶ್ರೀ!

ಶೈಲಾಳ ಮುಖ ಅರಳಿತು. ಓಣಿಯೆಲ್ಲ ಯಾರ ಮನೆಗೆ ಹೋಗುತ್ತದೋ ಅವಳೇ ತನ್ನ ಮನೆಗೆ! ಚಹಾ ಕೊಟ್ಟಳು. ಇಬ್ಬರೂ ಕುಡಿದರು.

"ಏನಕ್ಕಾ, ಇವತ್ತ ದಾರಿ ತಪ್ಪಿ ಬಂದ್ರೇನು?" ಎಂದು ಚುಚ್ಚಿದಳು.

ಉಮಾಶ್ರೀ ಕಪ್ಪು ಕೆಳಗಿಟ್ಟಳು. "ನೀ ಅಂದದ್ದನ್ನ ತಾಯವ್ವ ಎಲ್ಲಾ ಹೇಳ್ಯಾಳ. ಇಬ್ಬರಿಗೂ ನಿನ್ನ ಮ್ಯಾಲ ಸಿಟ್ಟ ಬಂದಿತ್ತು, ಅದಕ್ಕ ಬಂದೇವಿ. ಇಲ್ಲೆ ಯಾರ ಮ್ಯಾಲ ಮನಸು ಮುರದಿರತೈತಿ, ಅವರ ಮನ್ಯಾಗ ಚಹಾ ಕುಡದ ಮ್ಯಾಲನ ನಾವು ಚರ್ಚಿನ್ಯಾಗ ರೊಟ್ಟಿ ಮುಟ್ಟೂದು."

ಶೈಲಾ ಕಿಟಕಿಯಿಂದ ಎದುರುಮನೆಯ ಬಾಗಿಲನ್ನು ನೋಡಿದಳು.

"ಆರು ತಿಂಗಳು ನಿನ್ನ ಮನಿಗೆ ಒಬ್ಬರೂ ಬರಲಾರದ್ದನ್ನ ನೋಡಿ," ಉಮಾಶ್ರೀ ಖಾಲಿ ಕಪ್ಪನ್ನು ಅವಳತ್ತ ಸರಿಸಿದಳು, "ನಾ ಎಷ್ಟ ಹೊಟ್ಟಿಕಿಚ್ಚ ಪಟ್ಟೇನಿ, ನಿನಗೇನ ಗೊತ್ತ?"